ನೇತ್ರಾಣಿಯಿಂದ ಅಂಡಮಾನ್‌ವರೆಗೆ: ಸ್ಕೂಬಾ ಡೈವಿಂಗ್‌ಗೆ ಸ್ಥಳ ಆರಿಸುವ, ಇಳಿಯುವ ಮತ್ತು ಅನುಭವ ಹಂಚಿಕೊಳ್ಳುವ ಕ್ರಮ

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ನೀರು ಹೇಗಿರುತ್ತದೆ ಎಂದು ಅಲ್ಲಿಗೆ ಹೋಗಿಬಂದ ಇಬ್ಬರನ್ನು ಕೇಳಿ ನೋಡಿ. ದೋಣಿಯಿಂದ ಬಗ್ಗಿದರೆ ಕೆಳಗಿನ ಬಂಡೆ ಕಾಣುತ್ತಿತ್ತು ಎಂದು ಒಬ್ಬರು ಹೇಳಿದರೆ, ಮುಂದೆ ಹೋಗುತ್ತಿದ್ದವರ ಕಾಲಿನ ಫಿನ್ (ಈಜುರೆಕ್ಕೆ) ಕೂಡ ಸರಿಯಾಗಿ ಕಾಣಲಿಲ್ಲ ಎಂದು ಇನ್ನೊಬ್ಬರು ಹೇಳುವ ಸಾಧ್ಯತೆಯಿದೆ. ಇಬ್ಬರದೂ ನಿಜವೇ. ಮೊದಲನೆಯವರು ಜನವರಿಯ ಬೆಳಗಿನಲ್ಲಿ ಇಳಿದಿರುತ್ತಾರೆ, ಎರಡನೆಯವರು ಮಳೆಗಾಲ ಕಳೆದ ಬೆನ್ನಿಗೇ, ಕಡಲು ಇನ್ನೂ ತಿಳಿಯಾಗುವ ಮೊದಲೇ ಹೋಗಿರುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವ ಸ್ಕೂಬಾ ಡೈವರ್‌ಗಳು ಒಬ್ಬರಿಗೊಬ್ಬರು ಕೊಡುವ ಸಲಹೆಗಳಲ್ಲಿ ಬಹುಪಾಲು ಹೀಗೆ ತಿಂಗಳು, ಹೊತ್ತು, ಆಳ ಮತ್ತು ಹೇಳುವವರ ಅನುಭವ ಬಿಟ್ಟುಹೋಗಿರುವುದರಿಂದ, ಅವುಗಳನ್ನು ನಂಬಿ ರಜೆ ಹಾಕಿ, ಟಿಕೆಟ್ ಮಾಡಿಸಿ ಹೋದವರಿಗೆ ನಿರಾಸೆಯಾಗುತ್ತದೆ. ಸ್ಥಳವನ್ನು ಹೇಗೆ ಆರಿಸಬೇಕು, ಹೊರಡುವ ಮೊದಲು ಏನು ಕೇಳಬೇಕು, ನೀರಿನಲ್ಲಿ ಯಾವುದರ ಮೇಲೆ ಗಮನವಿರಬೇಕು, ಹಿಂದಿರುಗಿದ ಮೇಲೆ ಮುಂದಿನವರಿಗೆ ಏನನ್ನು ಹೇಳಬೇಕು ಎಂಬುದನ್ನು ಇಲ್ಲಿ ಅದೇ ಕ್ರಮದಲ್ಲಿ ವಿವರಿಸಲಾಗಿದೆ. ಇದು ತರಬೇತಿಗೆ ಬದಲಿಯಲ್ಲ. ತರಬೇತಿಯನ್ನು ಇನ್‌ಸ್ಟ್ರಕ್ಟರ್ ಬಳಿಯೇ ಪಡೆಯಬೇಕು.

1. ಮೊದಲು ನಿಮ್ಮ ಮಟ್ಟ ಯಾವುದೆಂದು ತೀರ್ಮಾನಿಸಿಕೊಳ್ಳಿ

ಮುರ್ಡೇಶ್ವರದಲ್ಲಾಗಲಿ ಅಂಡಮಾನ್‌ನ ಹ್ಯಾವ್‌ಲಾಕ್‌ನಲ್ಲಾಗಲಿ ಪ್ರವಾಸಿಗರಲ್ಲಿ ಹೆಚ್ಚಿನವರು ಮಾಡುವುದು ಪರಿಚಯದ ಡೈವ್. ಇದರಲ್ಲಿ ತರಬೇತಿಯಿಲ್ಲದವರನ್ನು ಇನ್‌ಸ್ಟ್ರಕ್ಟರ್ ಒಬ್ಬರು ಹಿಡಿದುಕೊಂಡೇ ಇಳಿಸುತ್ತಾರೆ. ಅಂತಾರಾಷ್ಟ್ರೀಯ ತರಬೇತಿ ಸಂಸ್ಥೆಯಾದ ಪ್ಯಾಡಿಯ ನಿಯಮದ ಪ್ರಕಾರ ಇದರ ಗರಿಷ್ಠ ಆಳ 12 ಮೀಟರ್, ಕನಿಷ್ಠ ವಯಸ್ಸು 10. ಈಜು ಬರಲೇಬೇಕೆಂಬ ನಿಯಮವಿಲ್ಲ, ಆದರೆ ನೀರೆಂದರೆ ಗಾಬರಿಯಾಗುವವರು ಮೊದಲು ಈಜುಕೊಳದಲ್ಲಿ ಮಾಸ್ಕ್ ಹಾಕಿಕೊಂಡು ಬಾಯಿಯಿಂದ ಉಸಿರಾಡುವುದನ್ನು ರೂಢಿ ಮಾಡಿಕೊಂಡು ಹೋದರೆ ಕೊಟ್ಟ ಹಣ ವ್ಯರ್ಥವಾಗುವುದಿಲ್ಲ.

ಎರಡನೆಯ ಮಾರ್ಗ ಓಪನ್ ವಾಟರ್ ಕೋರ್ಸ್. ಪ್ಯಾಡಿ, ಎಸ್‌ಎಸ್‌ಐ ಮುಂತಾದ ಸಂಸ್ಥೆಗಳು ಇದನ್ನು ಕಲಿಸುವವರಿಗೆ ಮಾನ್ಯತೆ ನೀಡುತ್ತವೆ. ಪಾಠ, ಈಜುಕೊಳದ ಅಭ್ಯಾಸ ಮತ್ತು ಕಡಲಿನಲ್ಲಿ ನಾಲ್ಕು ಡೈವ್‌ಗಳನ್ನು ಮುಗಿಸಿದವರಿಗೆ 18 ಮೀಟರ್‌ವರೆಗೆ ಜೊತೆಗಾರರೊಡನೆ ಇಳಿಯುವ ಅರ್ಹತೆ ಸಿಗುತ್ತದೆ. ಇದಕ್ಕೆ ಈಜು ಬೇಕು: ನಿಲ್ಲದೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಮುಂದಿನ ಅಡ್ವಾನ್ಸ್ಡ್ ಹಂತದಲ್ಲಿ ಮಿತಿ 30 ಮೀಟರ್. ವಿಶೇಷ ತರಬೇತಿ ಪಡೆದವರಿಗೂ ಮನರಂಜನೆಯ ಡೈವಿಂಗ್‌ನ ಕೊನೆಯ ಗಡಿ 40 ಮೀಟರ್. ಬೆಂಗಳೂರಿನಲ್ಲಿರುವವರು ಪಾಠ ಮತ್ತು ಈಜುಕೊಳದ ಭಾಗವನ್ನು ವಾರಾಂತ್ಯಗಳಲ್ಲಿ ಅಲ್ಲಿಯೇ ಮುಗಿಸಿ, ಕಡಲಿನ ಡೈವ್‌ಗಳಿಗೆ ಮಾತ್ರ ನೇತ್ರಾಣಿಗೋ ಅಂಡಮಾನ್‌ಗೋ ಹೋಗಬಹುದು. ನನ್ನ ಅಭಿಪ್ರಾಯದಲ್ಲಿ ಇದೇ ಒಳ್ಳೆಯದು, ಏಕೆಂದರೆ ದ್ವೀಪಕ್ಕೆ ಹೋದ ಮೇಲೆ ರಜೆಯ ದಿನಗಳು ತರಗತಿಯ ಕೋಣೆಯಲ್ಲಿ ಕಳೆಯುವುದಿಲ್ಲ.

ಆರೋಗ್ಯದ ಪ್ರಶ್ನಾವಳಿಯನ್ನು ಎಲ್ಲೆಡೆ ತುಂಬಿಸಿಕೊಳ್ಳುತ್ತಾರೆ. ಉಬ್ಬಸ, ಹೃದಯದ ತೊಂದರೆ, ಮೂರ್ಛೆರೋಗ, ಶ್ವಾಸಕೋಶ ಅಥವಾ ಕಿವಿಯ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದಕ್ಕಾದರೂ ‘ಹೌದು’ ಎಂಬ ಉತ್ತರವಿದ್ದರೆ ವೈದ್ಯರ ಸಹಿ ಬೇಕಾಗುತ್ತದೆ. ಅದನ್ನು ಊರಿನಲ್ಲೇ ಮಾಡಿಸಿಕೊಂಡು ಹೋಗಿ. ಜೆಟ್ಟಿಯ ಮೇಲೆ ನಿಂತು ‘ಇಲ್ಲ’ ಎಂದು ಬರೆದುಬಿಡುವವರಿದ್ದಾರೆ, ಅದು ಜೀವಕ್ಕೆ ಎರವಾಗುವ ಸುಳ್ಳು. ಗರ್ಭಿಣಿಯರು ಇಳಿಯಬಾರದು. ನೆಗಡಿಯಾಗಿದ್ದರೆ ಕಿವಿಯ ಒತ್ತಡ ಸರಿಹೊಂದುವುದಿಲ್ಲವಾದ್ದರಿಂದ ಆ ದಿನದ ಡೈವ್ ಬಿಡುವುದೇ ಸರಿ.

2. ತಿಂಗಳು ನೋಡಿ ಸ್ಥಳ ಆರಿಸಿ

ನಮ್ಮವರಿಗೆ ಅತಿ ಹತ್ತಿರದ್ದು ನೇತ್ರಾಣಿ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ಈ ದ್ವೀಪಕ್ಕೆ ಪಾರಿವಾಳ ದ್ವೀಪವೆಂಬ ಹೆಸರೂ ಇದೆ. ಕೊಂಕಣ ರೈಲು ಮಾರ್ಗದಲ್ಲಿ ಮುರ್ಡೇಶ್ವರಕ್ಕೆ ನಿಲ್ದಾಣವಿದೆ, ಹೆದ್ದಾರಿ 66 ಪಕ್ಕದಲ್ಲೇ ಹಾದುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಏಳುವುದರಿಂದ ಡೈವಿಂಗ್ ಇರುವುದಿಲ್ಲ. ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೂ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ. ಅಕ್ಟೋಬರ್‌ನಲ್ಲಿ ದೋಣಿಗಳು ಹೊರಡಲು ಆರಂಭಿಸಿದರೂ ಮಳೆಯಲ್ಲಿ ಹೊಳೆಗಳು ತಂದು ಸುರಿದ ಕೆಸರು ತಳ ಹಿಡಿಯಲು ಸಮಯ ಬೇಕು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ನೀರು ಹೆಚ್ಚು ನಂಬಿಕಸ್ಥ, ಒಳ್ಳೆಯ ದಿನ 15 ಮೀಟರ್‌ಗೂ ಹೆಚ್ಚು ದೂರ ಕಾಣುತ್ತದೆ. ಮೇ ತಿಂಗಳಲ್ಲಿ ಮಳೆಯ ಮುನ್ಸೂಚನೆ ಬಂದರೆ ಪ್ರವಾಸ ರದ್ದಾಗುವ ಸಂಭವವನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಇಲ್ಲಿ ದೋಣಿಯ ಪಯಣಕ್ಕೆ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಹೊಸಬರನ್ನು ಕಂಗೆಡಿಸುವುದು ಆಳಕ್ಕಿಂತ ಹೆಚ್ಚಾಗಿ ಈ ಪಯಣವೇ. ಬೆಳಗ್ಗೆ ಎರಡು ಇಡ್ಲಿಯಷ್ಟು ಹಗುರ ತಿಂಡಿ ಸಾಕು, ಎಣ್ಣೆ ತಿಂಡಿ ಬೇಡ, ಖಾಲಿ ಹೊಟ್ಟೆಯೂ ಬೇಡ. ವಾಂತಿ ತಡೆಯುವ ಮಾತ್ರೆ ಬೇಕೆನಿಸಿದರೆ ವೈದ್ಯರನ್ನು ಕೇಳಿ ಹೊರಡುವ ಮುನ್ನವೇ ತೆಗೆದುಕೊಳ್ಳಿ, ಹೊಟ್ಟೆ ತೊಳಸತೊಡಗಿದ ಮೇಲೆ ನುಂಗಿದರೆ ಅದು ಒಳಗೆ ನಿಲ್ಲುವುದಿಲ್ಲ. ಮೊಬೈಲ್ ನೋಡುತ್ತ ಕೂರದೆ ದಿಗಂತದ ಕಡೆ ಕಣ್ಣಿಟ್ಟು ದೋಣಿಯ ಹಿಂಭಾಗದಲ್ಲಿ ಗಾಳಿ ಬರುವಲ್ಲಿ ಕುಳಿತುಕೊಳ್ಳಿ. ನೀರಿಗಿಳಿದರೆ ತೊಳಸು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಇತಿಹಾಸ ಈ ದ್ವೀಪಕ್ಕಿರುವುದರಿಂದ ದಡ ಹತ್ತುವ ಯೋಚನೆ ಮಾಡಬಾರದು. ಡೈವ್ ಎಲ್ಲವೂ ದೋಣಿಯಿಂದಲೇ. ಕೆಳಗೆ ದೊಡ್ಡ ಬಂಡೆಗಳ ನಡುವೆ ಟ್ರಿಗರ್ ಮೀನುಗಳ ಹಿಂಡು, ಗಿಳಿಮೂತಿಯ ಪ್ಯಾರಟ್ ಮೀನು, ಬರಾಕುಡಾ, ತೊರಕೆ (ಚಪ್ಪಟೆ ಮೈಯ ರೇ ಮೀನು), ಬಿರುಕುಗಳಲ್ಲಿ ತಲೆಯಷ್ಟೇ ಹೊರಗಿಟ್ಟ ಮೊರೆ ಹಾವುಮೀನು ಕಾಣಸಿಗುತ್ತವೆ. ಇಲ್ಲಿ ಹವಳಕ್ಕಿಂತ ಮೀನು ಮತ್ತು ಬಂಡೆಗಳೇ ಮುಖ್ಯ ಆಕರ್ಷಣೆ ಎಂದು ತಿಳಿದು ಹೋದವರಿಗೆ ತೃಪ್ತಿಯಾಗುತ್ತದೆ.

ಕೋರ್ಸ್ ಮುಗಿಸಿದವರಿಗೆ ನಾನು ಹೇಳುವ ಮುಂದಿನ ಸ್ಥಳ ಅಂಡಮಾನ್. ಇಲ್ಲೊಂದು ಪ್ರಾಯೋಗಿಕ ಸೂಕ್ಷ್ಮವಿದೆ: ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಿಗೆ 2018ರಲ್ಲಿ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎಂದು ಹೆಸರಾಯಿತು, 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ಡೈವರ್‌ಗಳ ಬಾಯಲ್ಲಿ ಹಳೆಯ ಹೆಸರೇ ಉಳಿದಿರುವುದರಿಂದ ಮಾಹಿತಿ ಹುಡುಕುವಾಗ ಎರಡನ್ನೂ ಬಳಸಿ. ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಕಡಲು ಶಾಂತ. ಹ್ಯಾವ್‌ಲಾಕ್‌ನ ನೀಮೋ ರೀಫ್ ದಡದ ಪಕ್ಕದ ಆಳವಿಲ್ಲದ ಜಾಗವಾದ್ದರಿಂದ ಕಲಿಯುವವರಿಗೆ ಅನುಕೂಲ. ಅಕ್ವೇರಿಯಂ, ಲೈಟ್‌ಹೌಸ್ ಎಂಬ ಸ್ಥಳಗಳು ಓಪನ್ ವಾಟರ್ ಡೈವರ್‌ಗಳ ಮಿತಿಯೊಳಗೆ ಬರುತ್ತವೆ. ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ಎಂಬ ಹೆಸರಾಂತ ಸ್ಥಳಗಳ ಮುಖ್ಯ ಭಾಗ 18 ಮೀಟರ್‌ಗಿಂತ ಕೆಳಗಿದೆ, ಸೆಳೆತವೂ ಇರುತ್ತದೆ. ಓಪನ್ ವಾಟರ್ ಕಾರ್ಡ್ ಮಾತ್ರ ಇರುವವರು ಅವುಗಳ ಚಿತ್ರ ನೋಡಿ ಟಿಕೆಟ್ ಮಾಡಿಸಿದರೆ, ಅಲ್ಲಿಗೆ ಹೋದ ಮೇಲೆ ಅಡ್ವಾನ್ಸ್ಡ್ ಕೋರ್ಸಿಗೆ ಸೇರಬೇಕಾಗುತ್ತದೆ ಅಥವಾ ಬೇರೆ ಸ್ಥಳಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ. ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿಯಿರುವ ಬ್ಯಾರನ್ ದ್ವೀಪದ ಸುತ್ತಲಿನ ನೀರು ಅನುಭವಿಗಳಿಗೆ ಮಾತ್ರ.

ಲಕ್ಷದ್ವೀಪದ ನೀರು ಇವೆರಡಕ್ಕಿಂತ ತಿಳಿಯಾಗಿರುತ್ತದೆ, ಕದ್ಮತ್, ಬಂಗಾರಂ, ಅಗತ್ತಿ ಇವು ಡೈವರ್‌ಗಳು ಹೋಗುವ ದ್ವೀಪಗಳು. ಆದರೆ ಅಲ್ಲಿಯವರಲ್ಲದ ಭಾರತೀಯರಿಗೂ ಪ್ರವೇಶ ಪರವಾನಗಿ ಕಡ್ಡಾಯ. ಕೊಚ್ಚಿಯಿಂದ ಹಡಗು ಅಥವಾ ಅಗತ್ತಿಗೆ ವಿಮಾನವನ್ನು ಪರವಾನಗಿಯೊಂದಿಗೆ ಹೊಂದಿಸಬೇಕಾದ್ದರಿಂದ ತಿಂಗಳುಗಳ ಮೊದಲೇ ಸಿದ್ಧತೆ ಆರಂಭಿಸಿ. ಗೋವಾದ ಗ್ರಾಂಡ್ ಐಲೆಂಡ್‌ನಲ್ಲಿ ನೀರು ಹೆಚ್ಚಾಗಿ ಮಸುಕು. ಪರಿಚಯದ ಡೈವ್‌ಗೆ ಸಾಕು, ಅದಕ್ಕಾಗಿಯೇ ಪ್ರಯಾಣ ಮಾಡುವುದು ಬೇಡ. ಮಾಲ್ಡೀವ್ಸ್‌ಗೆ ಹೋಗುವವರು ಎರಡು ನಿಯಮಗಳನ್ನು ನೆನಪಿಡಬೇಕು: ಅಲ್ಲಿ ಮನರಂಜನೆಯ ಡೈವಿಂಗ್‌ಗೆ ಕಾನೂನಿನ ಮಿತಿ 30 ಮೀಟರ್; ಮಾಂಟಾ ತೊರಕೆಗಳಿಗೆ ಹೆಸರಾದ ಬಾ ಅಟಾಲ್‌ನ ಹನಿಫಾರು ಕೊಲ್ಲಿಯಲ್ಲಿ ಸ್ಕೂಬಾಕ್ಕೆ ಅವಕಾಶವಿಲ್ಲ, ನೀರಿನ ಮೇಲೆ ತೇಲುತ್ತ ಕೊಳವೆಯಿಂದ ಉಸಿರಾಡುವ ಸ್ನಾರ್ಕೆಲ್ ಮಾತ್ರ.

ಹವಳದ ಸ್ಥಿತಿಯ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸುವುದು ಅಗತ್ಯ. ನೀರಿನ ಉಷ್ಣಾಂಶ ವಾರಗಟ್ಟಲೆ ಏರಿಯೇ ಇದ್ದರೆ, ಹವಳಕ್ಕೆ ಬಣ್ಣವನ್ನೂ ಆಹಾರವನ್ನೂ ಕೊಡುವ ಸೂಕ್ಷ್ಮ ಪಾಚಿಗಳು ಅದನ್ನು ಬಿಟ್ಟುಹೋಗಿ ಅದು ಬಿಳಿಚಿಕೊಳ್ಳುತ್ತದೆ. 1998, 2010 ಮತ್ತು 2016ರಲ್ಲಿ ನಮ್ಮ ದ್ವೀಪಗಳಲ್ಲಿ ಇಂಥ ದೊಡ್ಡ ಹೊಡೆತಗಳು ಬಿದ್ದವು, 2024ರಲ್ಲಿ ಲಕ್ಷದ್ವೀಪದಲ್ಲಿ ಮತ್ತೆ ಕಾಣಿಸಿಕೊಂಡಿತು. ಆದ್ದರಿಂದ ಹತ್ತು ವರ್ಷ ಹಳೆಯ ವರದಿಯಲ್ಲಿ ಹೊಗಳಿಸಿಕೊಂಡ ಹವಳದ ತೋಟ ಈಗ ಅದೇ ರೂಪದಲ್ಲಿದೆ ಎಂದು ಭಾವಿಸುವಂತಿಲ್ಲ. ಈ ವರ್ಷ ಇಳಿದವರನ್ನೇ ಕೇಳಬೇಕು.

3. ಮುಂಗಡ ಕೊಡುವ ಮೊದಲು ಕೇಳಬೇಕಾದದ್ದು

ದರ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲ ಪ್ರಶ್ನೆ, ನೀರಿನಲ್ಲಿ ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ ಎಂಬುದು. ಪರಿಚಯದ ಡೈವ್‌ಗೆ ಒಬ್ಬರಿಗೊಬ್ಬರು ಇದ್ದರೆ ಉತ್ತಮ, ಇಬ್ಬರನ್ನು ಹಿಡಿದರೂ ಒಪ್ಪಬಹುದು, ಅದಕ್ಕಿಂತ ಹೆಚ್ಚೆಂದರೆ ಬೇರೆಡೆ ನೋಡಿ. ಎರಡನೆಯದಾಗಿ, ದೋಣಿಯಲ್ಲಿ ತುರ್ತು ಆಮ್ಲಜನಕದ ಕಿಟ್ ಇದೆಯೇ, ಅದನ್ನು ಬಳಸಲು ಯಾರಿಗೆ ಬರುತ್ತದೆ ಎಂದು ಕೇಳಿ. ಮೂರನೆಯದಾಗಿ, ಒತ್ತಡದ ಚಿಕಿತ್ಸಾ ಕೊಠಡಿ, ಅಂದರೆ ಹೈಪರ್‌ಬ್ಯಾರಿಕ್ ಚೇಂಬರ್, ಹತ್ತಿರದಲ್ಲಿ ಎಲ್ಲಿದೆ, ಅಲ್ಲಿಗೆ ಹೇಗೆ ತಲುಪಿಸುತ್ತಾರೆ ಎಂದು ಕೇಳಿ. ಈ ಮೂರಕ್ಕೂ ತಡವರಿಸದೆ ಉತ್ತರ ಕೊಡುವ ಕೇಂದ್ರ ಸಾಮಾನ್ಯವಾಗಿ ಉಳಿದ ವಿಷಯಗಳಲ್ಲೂ ಅಚ್ಚುಕಟ್ಟಾಗಿರುತ್ತದೆ. ಪ್ರಶ್ನೆ ಕೇಳಿದ್ದಕ್ಕೇ ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ.

ಇದಲ್ಲದೆ, ನೀರಿನೊಳಗಿನ ನಿಜವಾದ ಸಮಯ ಎಷ್ಟು ನಿಮಿಷ ಎಂದು ಬಿಡಿಸಿ ಕೇಳಬೇಕು. ಕೆಲವೆಡೆ ‘ಒಂದು ಗಂಟೆಯ ಡೈವ್’ ಎಂದರೆ ಸೂಟು ಹಾಕಿಕೊಳ್ಳುವುದರಿಂದ ಹಿಡಿದು ಫೋಟೊ ತೆಗೆಯುವವರೆಗಿನ ಲೆಕ್ಕವಾಗಿರುತ್ತದೆ. ಕಡಲು ಏರಿ ದೋಣಿ ಹೊರಡದಿದ್ದರೆ ಹಣ ಮರಳಿ ಬರುತ್ತದೆಯೇ, ಇಲ್ಲವೇ ಬೇರೆ ದಿನ ಕೊಡುತ್ತಾರೆಯೇ ಎಂಬುದನ್ನು ಸಂದೇಶದಲ್ಲಿ ಬರೆಸಿಕೊಳ್ಳಿ. ಪ್ರಯಾಣ ವಿಮೆ ಇದ್ದವರು ಅದರಲ್ಲಿ ಸ್ಕೂಬಾ ಸೇರಿದೆಯೇ, ಎಷ್ಟು ಆಳದವರೆಗೆ ಎಂದು ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ನೋಡಬೇಕು. ಇಳಿಯುವ ಮೊದಲು ರೆಗ್ಯುಲೇಟರ್‌ನಿಂದ (ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನ) ಎರಡು ಉಸಿರು ಎಳೆದು ನೋಡಿ. ಗಾಳಿಗೆ ಎಣ್ಣೆಯ ಅಥವಾ ಹೊಗೆಯ ವಾಸನೆಯಿದ್ದರೆ ಆ ಸಿಲಿಂಡರ್ ಬೇಡವೆನ್ನಿ. ನೀರಿಗಿಳಿಯುವ ಮುನ್ನ ಕೊಡುವ ವಿವರಣೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು ಅರ್ಥವಾಗದಿದ್ದರೆ ಸಂಕೋಚಪಡದೆ ಕನ್ನಡದಲ್ಲಿ ಮತ್ತೊಮ್ಮೆ ಹೇಳಿಸಿಕೊಳ್ಳಿ, ಮುರ್ಡೇಶ್ವರದಲ್ಲಿ ಅದು ಕಷ್ಟವೇನಲ್ಲ.

4. ನೀರಿನೊಳಗೆ: ಕಿವಿ, ಗಾಳಿ, ಜೊತೆಗಾರ

ನೀರಿನಲ್ಲಿ ಪ್ರತಿ 10 ಮೀಟರ್‌ಗೆ ಒತ್ತಡ ಒಂದು ವಾಯುಭಾರದಷ್ಟು ಹೆಚ್ಚುತ್ತದೆ. ಮೇಲೆ 1 ಇದ್ದದ್ದು 10 ಮೀಟರ್‌ನಲ್ಲಿ 2, 20ರಲ್ಲಿ 3, 30ರಲ್ಲಿ 4 ಆಗುತ್ತದೆ. ಅನುಪಾತದ ಲೆಕ್ಕದಲ್ಲಿ ಅತಿ ದೊಡ್ಡ ಬದಲಾವಣೆ ಮೊದಲ ಹತ್ತು ಮೀಟರ್‌ನಲ್ಲೇ ಆಗುವುದರಿಂದ ಹೊಸಬರ ಕಿವಿನೋವು ಶುರುವಾಗುವುದು ಮೊದಲ ಎರಡು-ಮೂರು ಮೀಟರ್‌ಗಳಲ್ಲಿ. ನೋವು ಬಂದ ಮೇಲೆ ಸರಿಪಡಿಸಲು ಹೋಗಬಾರದು. ನೀರಿಗೆ ತಲೆ ಮುಳುಗಿದ ತಕ್ಷಣವೇ ಮಾಸ್ಕಿನ ಮೇಲಿಂದ ಮೂಗು ಹಿಡಿದು ಮೃದುವಾಗಿ ಗಾಳಿ ಒತ್ತಬೇಕು, ಅರ್ಧ ಮೀಟರ್‌ಗೊಮ್ಮೆ ಮತ್ತೆ ಮಾಡಬೇಕು. ಕಿವಿಯಲ್ಲಿ ‘ಟಕ್’ ಎಂದು ಸಡಿಲವಾದದ್ದು ತಿಳಿಯುತ್ತದೆ. ಆಗದಿದ್ದರೆ ಒಂದು ಮೀಟರ್ ಮೇಲೇರಿ ಮತ್ತೆ ಪ್ರಯತ್ನಿಸಬೇಕು, ಬಲವಂತವಾಗಿ ಊದಿದರೆ ಕಿವಿಗೆ ಪೆಟ್ಟಾಗುತ್ತದೆ. ಹಗ್ಗ ಹಿಡಿದು, ಕಾಲು ಕೆಳಗೆ ಮಾಡಿ ನಿಧಾನವಾಗಿ ಇಳಿದರೆ ಇದು ಸುಲಭ.

ಅದೇ ಒತ್ತಡ ಗಾಳಿಯ ಲೆಕ್ಕವನ್ನೂ ಬದಲಿಸುತ್ತದೆ. 12 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ (ಬಾರ್ ಒತ್ತಡದ ಅಳತೆ, ಸುಮಾರು ಒಂದು ವಾಯುಭಾರ) ತುಂಬಿದರೆ ಮೇಲ್ಮೈಯ ಲೆಕ್ಕದಲ್ಲಿ ಸುಮಾರು 2,400 ಲೀಟರ್ ಗಾಳಿ. ಅದರಲ್ಲಿ 50 ಬಾರ್, ಅಂದರೆ 600 ಲೀಟರ್, ಮುಟ್ಟಬಾರದ ಮೀಸಲು. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 10 ಮೀಟರ್‌ನಲ್ಲಿ 40, 20 ಮೀಟರ್‌ನಲ್ಲಿ 60 ಲೀಟರ್ ಬಳಸುತ್ತಾರೆ. ಉಳಿದ 1,800 ಲೀಟರ್ ಮೊದಲನೆಯ ಆಳದಲ್ಲಿ 45 ನಿಮಿಷ ಬಂದರೆ ಎರಡನೆಯದರಲ್ಲಿ 30 ನಿಮಿಷಕ್ಕೆ ಮುಗಿಯುತ್ತದೆ. ಗಾಬರಿಗೊಂಡು ಬೇಗಬೇಗ ಉಸಿರೆಳೆಯುವವರಿಗೆ ಇನ್ನೂ ಬೇಗ. ಆದ್ದರಿಂದ ‘ನನಗೆ ಒಂದು ಗಂಟೆ ಗಾಳಿ ಬಂತು’ ಎಂಬ ಮಾತಿಗೆ ಆಳ ಹೇಳದಿದ್ದರೆ ಅರ್ಥವಿಲ್ಲ. 100 ಬಾರ್ ತಲುಪಿದಾಗ ಜೊತೆಗಾರನಿಗೆ ತಿಳಿಸಿ ಹಿಂದಿರುಗುವ ದಿಕ್ಕು ಹಿಡಿಯುವುದು ಒಳ್ಳೆಯ ರೂಢಿ.

ಉಸಿರು ಹಿಡಿಯಬಾರದೆಂಬುದು ಎಲ್ಲಕ್ಕಿಂತ ಮೇಲಿನ ನಿಯಮ. 10 ಮೀಟರ್‌ನಲ್ಲಿ ಶ್ವಾಸಕೋಶ ತುಂಬ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ, ಹೊರಹೋಗಲು ದಾರಿಯಿಲ್ಲದಿದ್ದರೆ ಶ್ವಾಸಕೋಶವನ್ನೇ ಹರಿಯುತ್ತದೆ. ಏರುವ ವೇಗ ನಿಮಿಷಕ್ಕೆ 9 ಮೀಟರ್ ಮೀರದಿರಲಿ. 5 ಮೀಟರ್‌ನಲ್ಲಿ ಮೂರು ನಿಮಿಷ ನಿಂತು ಬನ್ನಿ.

ಸನ್ನೆಗಳಲ್ಲಿ ಹೊಸಬರು ಎಡವುವುದು ಹೆಬ್ಬೆರಳಿನಲ್ಲಿ. ದಡದಲ್ಲಿ ಹೆಬ್ಬೆರಳು ಎತ್ತಿದರೆ ‘ಚೆನ್ನಾಗಿದೆ’, ನೀರಿನಲ್ಲಿ ಎತ್ತಿದರೆ ‘ಮೇಲೆ ಹೋಗೋಣ’. ಆಮೆ ಕಂಡ ಖುಷಿಯಲ್ಲಿ ಹೆಬ್ಬೆರಳೆತ್ತಿ ಇನ್‌ಸ್ಟ್ರಕ್ಟರ್ ತಮ್ಮನ್ನು ದೋಣಿಗೆ ಕರೆದೊಯ್ದರೆಂದು ಮುನಿಸಿಕೊಳ್ಳುವವರು ಪ್ರತಿ ಋತುವಿನಲ್ಲೂ ಇರುತ್ತಾರೆ. ಚೆನ್ನಾಗಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ವೃತ್ತ ಮಾಡಬೇಕು; ತೊಂದರೆಯಿದ್ದರೆ ಅಂಗೈ ಅಡ್ಡವಿಟ್ಟು ಆಚೀಚೆ ಅಲ್ಲಾಡಿಸಿ ತೊಂದರೆಯಾದ ಜಾಗ ತೋರಿಸಬೇಕು; ಗಾಳಿ ಮುಗಿದಿದ್ದರೆ ಕುತ್ತಿಗೆಯ ಮೇಲೆ ಅಂಗೈ ಅಡ್ಡ ಎಳೆಯಬೇಕು. ಜೊತೆಗಾರ ಕಾಣದಿದ್ದರೆ ಒಂದು ನಿಮಿಷ ಸುತ್ತ ಹುಡುಕಿ, ಸಿಗದಿದ್ದರೆ ಮೇಲೆ ಬರಬೇಕೆಂಬ ಒಪ್ಪಂದವನ್ನು ದೋಣಿಯಲ್ಲೇ ಮಾಡಿಕೊಳ್ಳಿ.

ಹವಳವನ್ನು ಮುಟ್ಟಬೇಡಿ, ಅದರ ಮೇಲೆ ನಿಲ್ಲಬೇಡಿ. ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅಂಡಮಾನ್‌ನಲ್ಲಿ ಸತ್ತ ಹವಳದ ಚೂರನ್ನು ಚೀಲದಲ್ಲಿಟ್ಟುಕೊಂಡರೂ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳಬಹುದು.

5. ಡೈವ್ ಮುಗಿದ ಮೇಲೆ ಘಟ್ಟ ಹತ್ತುವ ಪ್ರಶ್ನೆ

ವಿಮಾನದ ನಿಯಮವನ್ನು ಎಲ್ಲ ಡೈವರ್‌ಗಳೂ ಕೇಳಿರುತ್ತಾರೆ. ಆಳದಲ್ಲಿ ದೇಹದೊಳಗೆ ಕರಗಿದ ಸಾರಜನಕ ನಿಧಾನವಾಗಿ ಹೊರಬರಬೇಕು. ಅದಕ್ಕೆ ಮೊದಲೇ ಸುತ್ತಲಿನ ಒತ್ತಡ ಇಳಿದರೆ ಗುಳ್ಳೆಗಳಾಗಿ ಕೀಲುನೋವು, ಜುಮುಗುಡುವಿಕೆ, ಕೆಲವೊಮ್ಮೆ ಪಾರ್ಶ್ವವಾಯುವಿನಂಥ ತೊಂದರೆ ತರುತ್ತದೆ. ಡೈವರ್‌ಗಳ ಸುರಕ್ಷತೆಗೆಂದೇ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಶಿಫಾರಸಿನಂತೆ, ಒಂದೇ ಸಾಮಾನ್ಯ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಕಳೆಯದೆ ವಿಮಾನ ಹತ್ತಬಾರದು.

ಕರ್ನಾಟಕದವರು ಮರೆಯುವುದು ಇದರ ಇನ್ನೊಂದು ಮುಖವನ್ನು. ಈ ಶಿಫಾರಸು ಸುಮಾರು 600 ಮೀಟರ್‌ಗಿಂತ ಮೇಲಿನ ಎತ್ತರದ ಒತ್ತಡಕ್ಕೆ ಅನ್ವಯಿಸುತ್ತದೆ, ಎತ್ತರಕ್ಕೆ ವಿಮಾನದಲ್ಲಿ ಹೋದರೂ ಬಸ್ಸಿನಲ್ಲಿ ಹೋದರೂ ದೇಹಕ್ಕೆ ವ್ಯತ್ಯಾಸವಿಲ್ಲ. ಮುರ್ಡೇಶ್ವರ ಸಮುದ್ರಮಟ್ಟದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಕರಾವಳಿ ಬಿಟ್ಟು ಯಾವ ಘಟ್ಟದ ರಸ್ತೆ ಹಿಡಿದರೂ ಕೆಲವೇ ಗಂಟೆಗಳಲ್ಲಿ ಗಣನೀಯ ಎತ್ತರ ತಲುಪುತ್ತೀರಿ. ಕೊಡಚಾದ್ರಿಯ ಶಿಖರವಂತೂ 1,343 ಮೀಟರ್. ಬೆಳಗ್ಗೆ ನೇತ್ರಾಣಿ, ಸಂಜೆ ಕೊಡಚಾದ್ರಿಯ ಸೂರ್ಯಾಸ್ತ ಎಂಬ ವೇಳಾಪಟ್ಟಿಯನ್ನು ಎರಡು ಡೈವ್ ಮಾಡಿದವರು ಖಂಡಿತ ಇಟ್ಟುಕೊಳ್ಳಬಾರದು. ಆರೇಳು ಮೀಟರ್‌ನಲ್ಲಿ ಅರ್ಧ ಗಂಟೆಯ ಪರಿಚಯದ ಡೈವ್ ಮಾಡಿದವರಿಗೆ ಅಪಾಯ ಕಡಿಮೆ, ಆದರೂ ರಾತ್ರಿ ಬಸ್ಸಿನ ಬದಲು ಮರುದಿನ ಬೆಳಗಿನ ರೈಲು ಹಿಡಿಯುವುದು ಲೇಸು. ಕೋರ್ಸ್ ಮುಗಿಸಿಕೊಂಡವರು ಒಂದು ರಾತ್ರಿಯನ್ನೂ ಮರುದಿನದ ಬೆಳಗನ್ನೂ ಕಡಲತೀರದಲ್ಲೇ ಕಳೆಯುವಂತೆ ಯೋಜಿಸಬೇಕು. ಊಟ ಮಾಡಿ, ಗೋಪುರ ಹತ್ತಿ, ನಿದ್ದೆ ಮಾಡಿ ಹೊರಡಬಹುದು. ಡೈವ್ ಆದ ಮೇಲೆ ಕೀಲುನೋವು, ವಿಪರೀತ ಆಯಾಸ, ಮರಗಟ್ಟುವಿಕೆ ಕಂಡರೆ ಬಿಸಿಲಿನ ಬಳಲಿಕೆ ಎಂದುಕೊಂಡು ಕಡೆಗಣಿಸಬಾರದು. ಅಂಥವರನ್ನು ಮಲಗಿಸಿ ಆಮ್ಲಜನಕ ಕೊಡಿಸಿ ಆಸ್ಪತ್ರೆಗೆ ಸಾಗಿಸಬೇಕು, ಮತ್ತೆ ನೀರಿಗಿಳಿಸಿ ಸರಿಪಡಿಸುವ ಪ್ರಯತ್ನ ಬೇಡ.

6. ಲಾಗ್ ಬರೆಯುವುದು ಮತ್ತು ಹಂಚಿಕೊಳ್ಳುವುದು

ಡೈವ್ ಮುಗಿದ ದಿನವೇ ಲಾಗ್, ಅಂದರೆ ಡೈವ್‌ನ ವಿವರಗಳ ದಾಖಲೆ, ಬರೆಯಿರಿ. ಮರುದಿನಕ್ಕೆ ಆಳ ಎರಡು ಮೀಟರ್ ಹೆಚ್ಚಿರುತ್ತದೆ, ಮೀನು ಒಂದಡಿ ಬೆಳೆದಿರುತ್ತದೆ. ಇತರರಿಗೆ ಉಪಯೋಗಕ್ಕೆ ಬರುವ ಬರಹ ಹೇಗಿರಬೇಕೆಂಬುದಕ್ಕೆ ಒಂದು ಕಾಲ್ಪನಿಕ ಮಾದರಿ ಕೊಡುತ್ತೇನೆ:

“ನೇತ್ರಾಣಿ, ಜನವರಿ ಎರಡನೇ ವಾರ, ಬೆಳಗ್ಗೆ 9.50ಕ್ಕೆ ಇಳಿದದ್ದು. ಗರಿಷ್ಠ ಆಳ 16 ಮೀಟರ್, ಸಮಯ 41 ನಿಮಿಷ. 200 ಬಾರ್‌ನಲ್ಲಿ ಇಳಿದು 60 ಬಾರ್‌ನಲ್ಲಿ ಮೇಲೆ ಬಂದೆ. ನೀರು 28 ಡಿಗ್ರಿ, 3 ಎಂ.ಎಂ. ಸೂಟು ಸಾಕಾಯಿತು. ವಿಸಿಬಿಲಿಟಿ (ನೀರಿನಲ್ಲಿ ಕಾಣುವ ದೂರ) 12 ಮೀಟರ್, ತಳದ ಹತ್ತಿರ ಮಸುಕು. ದ್ವೀಪದ ಮರೆಯಲ್ಲಿ ಸೆಳೆತವಿರಲಿಲ್ಲ, ಬಂಡೆಯ ಮೂಲೆ ದಾಟಿದೊಡನೆ ಎಳೆಯಿತು, ಹಿಂದಿರುಗಿದೆವು. ಗುಂಪಿನಲ್ಲಿ ನಾಲ್ವರು, ಒಬ್ಬ ಗೈಡ್. ಹಿಂದಿರುಗುವಾಗ ಮಧ್ಯಾಹ್ನದ ಗಾಳಿಗೆ ದೋಣಿ ಜೋರಾಗಿ ಕುಣಿಯಿತು, ಇಬ್ಬರಿಗೆ ವಾಂತಿಯಾಯಿತು. ಓಪನ್ ವಾಟರ್ ಮುಗಿಸಿದ ನಂತರ ಇದು ನನ್ನ ಮೊದಲ ಪ್ರವಾಸ.”

ಇದರಲ್ಲಿ ‘ಅದ್ಭುತ’ ಎಂಬ ಪದವಿಲ್ಲ. ಆದರೆ ಓದಿದವರು ಸೂಟಿನ ದಪ್ಪ, ವಾಂತಿಯ ಮಾತ್ರೆ, ಬೆಳಗಿನ ದೋಣಿ ಇವುಗಳನ್ನು ತೀರ್ಮಾನಿಸಬಲ್ಲರು. ಕೊನೆಯ ವಾಕ್ಯ ಅತಿ ಮುಖ್ಯ. ಹೊಸಬರಿಗೆ ಜೋರೆನಿಸಿದ ಸೆಳೆತ ಅನುಭವಿಗಳಿಗೆ ಲೆಕ್ಕಕ್ಕೇ ಬಂದಿರುವುದಿಲ್ಲ, ಅನುಭವಿ ‘ಸುಲಭ’ ಎಂದ ಸ್ಥಳದಲ್ಲಿ ಹೊಸಬರು ಒದ್ದಾಡುತ್ತಾರೆ. ವಿಸಿಬಿಲಿಟಿಯನ್ನು ಅಂದಾಜಿಸುವಾಗ ಮೇಲಕ್ಕಲ್ಲ, ಅಡ್ಡಕ್ಕೆ ನೋಡಿ, ಜೊತೆಗಾರ ಎಷ್ಟು ದೂರ ಹೋದಾಗ ಮಸುಕಾದರೆಂದು ಗಮನಿಸಬೇಕು. ನಿಮ್ಮ ದೋಣಿಯವರಿಂದ ಕೇಳಿದ್ದೇನಾದರೂ ಇದ್ದರೆ, ‘ನಿನ್ನೆ ಇನ್ನೂ ತಿಳಿಯಾಗಿತ್ತಂತೆ’ ಎಂಬಂತೆ, ಅದನ್ನು ನೀವು ಕಂಡದ್ದರಿಂದ ಬೇರೆಯಾಗಿ ಬರೆಯಿರಿ.

ಇತರರ ಬರಹ ಓದುವಾಗಲೂ ಇದೇ ಅಳತೆಗೋಲು ಹಿಡಿಯಿರಿ. ಯಾವ ತಿಂಗಳು, ಯಾವ ವರ್ಷ, ಬರೆದವರ ಮಟ್ಟವೇನು, ಅವರು ಆ ಕೇಂದ್ರಕ್ಕೆ ಗ್ರಾಹಕರೋ ನೆಂಟರೋ ಎಂದು ನೋಡಿ. ಚಿತ್ರಗಳನ್ನು ಪೂರ್ತಿ ನಂಬಬಾರದು: ನೀರು ಮೊದಲು ಹೀರುವುದು ಕೆಂಪು ಬಣ್ಣವನ್ನು, ಹತ್ತು ಮೀಟರ್ ಆಳಕ್ಕೆ ಕೆಂಪು ಬಹುತೇಕ ಕಂದಾಗಿ ಕಾಣುತ್ತದೆ, ನೀವು ನೋಡಿದ ಕೆಂಪು ಹವಳ ಲೈಟಿನದ್ದೋ ಕಂಪ್ಯೂಟರಿನದ್ದೋ ಆಗಿರುತ್ತದೆ. ಪ್ರಶ್ನೆ ಕೇಳುವಾಗ ‘ಅಂಡಮಾನ್ ಹೇಗಿದೆ’ ಎನ್ನುವ ಬದಲು, ‘ಫೆಬ್ರವರಿಯಲ್ಲಿ ಹೋಗುತ್ತಿದ್ದೇನೆ, ಓಪನ್ ವಾಟರ್ ಆಗಿದೆ, ಒಂದು ವರ್ಷದಿಂದ ಇಳಿದಿಲ್ಲ, 18 ಮೀಟರ್ ಒಳಗೆ ಯಾವ ಸ್ಥಳಗಳು’ ಎಂದು ಕೇಳಿದರೆ ಉತ್ತರಿಸುವವರೂ ಜವಾಬ್ದಾರಿಯಿಂದ ಉತ್ತರಿಸುತ್ತಾರೆ. ಒಂದು ವರ್ಷದ ಅಂತರವಿದ್ದರೆ ಮೊದಲು ರಿಫ್ರೆಶರ್ (ಕಲಿತದ್ದನ್ನು ಮತ್ತೆ ರೂಢಿಸುವ ಅಭ್ಯಾಸ) ಮಾಡಿ ಎಂಬ ಸಲಹೆ ಬರುತ್ತದೆ, ಅದನ್ನು ಅವಮಾನವೆಂದುಕೊಳ್ಳಬೇಡಿ.

ಹಂಚಿಕೊಳ್ಳಬಾರದ ಮಾಹಿತಿಯೂ ಇದೆ. ಕಡಲಕುದುರೆಯಂಥ, ಒಂದೇ ಜಾಗದಲ್ಲಿ ನೆಲೆನಿಂತಿರುವ ಸಣ್ಣ ಜೀವಿಗಳ ನಿಖರ ನೆಲೆಯನ್ನು ಎಲ್ಲರೆದುರು ಬಿಚ್ಚಿಡುವುದು ಬೇಡ; ಫೋಟೊಗಾಗಿ ಅವುಗಳನ್ನು ಕಡ್ಡಿಯಿಂದ ಸರಿಸುವವರು, ಮುಖಕ್ಕೆ ಮತ್ತೆ ಮತ್ತೆ ಫ್ಲಾಶ್ ಹೊಡೆಯುವವರು ಅಲ್ಲಿಗೆ ತಲುಪುತ್ತಾರೆ. ಆಮೆ ಮೊಟ್ಟೆಯಿಡುವ ತೀರದ ಜಾಗವೂ ಹಾಗೆಯೇ. ಅದಕ್ಕೆ ವ್ಯತಿರಿಕ್ತವಾಗಿ, ಅವಘಡವಾಗುವುದರಲ್ಲಿ ತಪ್ಪಿದ ಘಟನೆಗಳನ್ನು ಮುಚ್ಚಿಡಬಾರದು. ಯಾರ ತಪ್ಪು ಎಂದು ತೀರ್ಪು ಕೊಡುವ ಅಗತ್ಯವಿಲ್ಲ. ಎಷ್ಟು ಆಳದಲ್ಲಿ, ಎಷ್ಟು ಬಾರ್ ಉಳಿದಿದ್ದಾಗ, ಮೊದಲು ಏನಾಯಿತು, ನಂತರ ಏನಾಯಿತು, ಯಾವ ಉಪಕರಣ ಕೈಕೊಟ್ಟಿತು ಎಂದು ಕ್ರಮವಾಗಿ ಬರೆದರೆ ಸಾಕು. ಅದನ್ನು ಹೊರಗೆ ಹೇಳುವ ಮೊದಲು ಆ ಕೇಂದ್ರದವರಿಗೂ ತಿಳಿಸಿ, ಅದೇ ಉಪಕರಣ ಮರುದಿನ ಬೇರೊಬ್ಬರ ಬೆನ್ನಿಗೆ ಹೋಗದಂತೆ ತೆಗೆದಿಡಲು ಅವರಿಗೆ ಸಾಧ್ಯವಾಗುತ್ತದೆ. ಮುಂದೊಮ್ಮೆ ಅದೇ ಸ್ಥಳಕ್ಕೆ ಹೋಗಿ ಪರಿಸ್ಥಿತಿ ಬದಲಾಗಿರುವುದು ಕಂಡರೆ, ಹಳೆಯ ಬರಹವನ್ನು ಅಳಿಸದೆ ಅದರ ಕೆಳಗೆ ಹೊಸ ತಿಂಗಳು, ವರ್ಷ ಹಾಕಿ ಸೇರಿಸಿ. ಎರಡನ್ನೂ ಒಟ್ಟಿಗೆ ಓದಿದವರಿಗೆ ಆ ನೀರು ಋತುವಿನಿಂದ ಋತುವಿಗೆ ಹೇಗೆ ಬದಲಾಗುತ್ತದೆಂಬುದು ತಿಳಿಯುತ್ತದೆ.